ಜಾರದ ಕುಣಿಕೆ

ಗದಗಿನಿಂದ ಬೆಂಗಳೂರಿಗೆ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಉದ್ದನೆಯ ಮೇಜಿನ ಎರಡೂ ಬದಿಗೆ ಹುಡುಗಿಯರು ಸಾಲಾಗಿ ಕೂತು ಕೂದಲೆಳೆಯಂಥ ತಂತಿಗಳನ್ನು ಬೆಸೆಯುವ ಕೆಲಸ. ಎಪ್ಪತ್ತರ ದಶಕದ ನಡುವಿನ ಮಾತಿದು. ಶೆಟ್ಟಿಹಳ್ಳಿ ಆಗ ಇನ್ನೂ ಹಳ್ಳಿಯೇ. ಅಲ್ಲಿ ಒಬ್ಬ ರೈತರ ಮನೆಯ ಅಂಗಳದಲ್ಲಿದ್ದ ಒಂಟಿ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮನೆಯ ಹಿಂದೆ ಸೊಪ್ಪು ತರಕಾರಿಯ ತೋಟ, ತೋಟದ ಕೊನೆಗೆ ಬಾವಿ.

ವಾರದ ಆರು ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಆ ಕೋಣೆ ನನ್ನನ್ನು ನುಂಗಲು ಬರುತ್ತಿತ್ತು. ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಒಬ್ಬಳೇ ಕೂತರೆ ಬರೀ ಅದೇ ನೆನಪು. ಹಾಗಾಗಿ, ಕಾರ್ಖಾನೆಯ ನೋಟಿಸು ಹಲಗೆಯ ಮೇಲೆ ಬಂಡೆ ಹತ್ತುವ ತಂಡಕ್ಕೆ ಹೆಸರು ಕೊಡಿ ಎಂದು ಬರೆದಿದ್ದನ್ನು ನೋಡಿ, ಹತ್ತುವುದೆಂದರೇನೆಂದು ತಿಳಿಯದೆಯೇ ಹೆಸರು ಕೊಟ್ಟೆ. ಎಲ್ಲಿಗಾದರೂ ಸರಿ, ಭಾನುವಾರ ಆ ಕೋಣೆಯಿಂದ ಹೊರಗೆ ಹೋದರೆ ಸಾಕಾಗಿತ್ತು.

ತಂಡ ನಡೆಸುತ್ತಿದ್ದವರು ಟೂಲ್ ರೂಮಿನಲ್ಲಿದ್ದ ಒಬ್ಬರು. ಮೊದಲು ಸೈನ್ಯದಲ್ಲಿದ್ದವರು. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಬೆಳಿಗ್ಗೆ ಬಸ್ಸು ಹಿಡಿದು ರಾಜಾನುಕುಂಟೆ ದಾಟಿ ಇಳಿದು, ರಾಗಿ ಹೊಲಗಳ ನಡುವೆ ನಡೆದು ಬಂಡೆಗಳ ಬಳಿ ಹೋಗುತ್ತಿದ್ದೆವು. ಮೊದಲ ಆರು ವಾರ ಅವರು ನಮ್ಮನ್ನು ಬಂಡೆ ಮುಟ್ಟಲು ಬಿಡಲಿಲ್ಲ. ಬರೀ ಗಂಟು.

“ಹತ್ತೋದು ಕೋತಿಗೂ ಬರುತ್ತೆ ಕಣ್ರಮ್ಮ, ಗಂಟು ಹಾಕೋದು ಬರಲ್ಲ” ಎನ್ನುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ ಗಂಟು. ಎಷ್ಟು ಎಳೆದರೂ ಬಿಗಿಯಾಗದ, ಜಾರದ ಕುಣಿಕೆ. ಮನುಷ್ಯನ ಎದೆಗೆ ಕಟ್ಟಿ ತೂಗಿದರೂ ಅದು ಉಸಿರು ಹಿಡಿಯುವುದಿಲ್ಲ. ಹಾವು ಹುತ್ತದಿಂದ ಹೊರಗೆ ಬಂತು, ಮರ ಸುತ್ತಿತು, ತಿರುಗಿ ಹುತ್ತಕ್ಕೆ ಹೋಯಿತು ಎಂದು ಹೇಳಿಕೊಡುತ್ತಿದ್ದರು. ಕಣ್ಣು ಮುಚ್ಚಿ ಕಟ್ಟಿಸುತ್ತಿದ್ದರು, ಹಗ್ಗ ನೆನೆಸಿ ಕಟ್ಟಿಸುತ್ತಿದ್ದರು, ಕಟ್ಟುವಾಗ ಕಿವಿಯ ಹತ್ತಿರ ನಿಂತು ತಟ್ಟೆ ಬಡಿಯುತ್ತಿದ್ದರು. ಯಾಕೆ ಸಾರ್ ಈ ಹಿಂಸೆ ಎಂದು ಕೇಳಿದರೆ, “ಅಪಾಯ ಬಂದಾಗ ನಿಮ್ಮ ತಲೆ ಕೈ ಕೊಡುತ್ತೆ. ಆಗ ಬೆರಳಿಗೆ ಗೊತ್ತಿರ್ಬೇಕು” ಎನ್ನುತ್ತಿದ್ದರು. ಗಂಟು ಕಟ್ಟುತ್ತಾ ಕೂತವರಿಗೆ ಸೈನ್ಯದ ಕಥೆಗಳನ್ನೂ ಹೇಳುತ್ತಿದ್ದರು. ಅವುಗಳಲ್ಲಿ ಅರ್ಧದಷ್ಟು, ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಸತ್ತ ಕಥೆಗಳೇ.

ತಂಡದ ಹಗ್ಗವನ್ನು ಒಗೆದು, ಒಣಗಿಸಿ, ಇಂಚಿಂಚೂ ಸವರಿ ನೋಡಿ ಸುತ್ತಿಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಅದನ್ನು ಕೋಣೆಗೆ ತಂದ ಸಂಜೆ ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ನೋಡಿದವರು, ಒಳಗೆ ಬಂದು ನನ್ನ ಪಕ್ಕ ಕೂತುಬಿಟ್ಟರು.

“ಇದೇನವ್ವ ಇಷ್ಟುದ್ದ ಅಗ್ಗ?”

“ಗುಡ್ಡಾ ಹತ್ತಾಕ ರೀ ಅಕ್ಕಾರ.”

ಅವರು ನಂಬಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಒಂಟಿ ಎಣ್ಣುಮಗ್ಳು ಇದೀಯ. ಅಪ್ಪ ಇಲ್ಲ ಅಂತೀಯ. ಕ್ವಾಣೆಗೆ ಅಗ್ಗ ತಂದು ಮಡಿಕ್ಕಂಡಿದೀಯ. ಏನಾರ ಸಂಕಟ ಇದ್ರೆ ಬಾಯ್ಬುಟ್ಟು ಏಳವ್ವ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅವತ್ತು ರಾತ್ರಿ ಅವರು ನನ್ನನ್ನು ಒಬ್ಬಳನ್ನೇ ಮಲಗಲು ಬಿಡಲಿಲ್ಲ. ಮರುದಿನ ಅವರ ಸೊಂಟಕ್ಕೇ ಆ ಗಂಟು ಕಟ್ಟಿ ಎಳೆದು ತೋರಿಸಿದ ಮೇಲೆ ಸಮಾಧಾನವಾಯಿತು.

ಎರಡು ವರ್ಷ ಕಳೆದವು. ಮೂರನೆಯ ಬೇಸಿಗೆಯಲ್ಲಿ ತೋಟದ ಬಾವಿ ತಳ ಕಂಡಿತು. ಹೂಳು ತೆಗೆದು ಇನ್ನಷ್ಟು ಆಳ ಮಾಡಬೇಕು, ಅದಕ್ಕೆ ಮೊದಲು ಇದ್ದ ಕೆಸರು ನೀರನ್ನು ಹೊರಗೆ ಹಾಕಬೇಕು. ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ಹೇಳುವಂತಿರಲಿಲ್ಲ. ಹಾಗಾಗಿ ಯಜಮಾನರು ನೆಂಟರ ಮನೆಯಿಂದ ಡೀಸೆಲ್ ಎಂಜಿನ್ ತಂದರು. ಮೇಲಿಂದ ಅಷ್ಟು ಆಳದ ನೀರನ್ನು ಪಂಪು ಎಳೆಯುವುದಿಲ್ಲ ಎಂದು ಅದನ್ನು ಬಾವಿಯೊಳಗೆ, ಮೆಟ್ಟಿಲುಗಳು ಮುಗಿಯುವಲ್ಲಿದ್ದ ಅಗಲವಾದ ಬಂಡೆಯ ಮೇಲೆ ಕೂರಿಸಿದರು. ಗೋಡೆಯಿಂದ ಚಾಚಿಕೊಂಡ ಕಲ್ಲು ಚಪ್ಪಡಿಗಳೇ ಮೆಟ್ಟಿಲು. ಇಳಿಯುವುದು ಸುಲಭವಿತ್ತು. ಆ ಸುಲಭವೇ ಕೊನೆಗೆ ಮೋಸ ಮಾಡಿತು.

ಅವತ್ತು ಭಾನುವಾರ. ಮೇಷ್ಟ್ರು ಊರಲ್ಲಿ ಇರಲಿಲ್ಲವಾದ್ದರಿಂದ ನಾವು ಬಂಡೆಗೆ ಹೋಗಿರಲಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತು, ತಲೆ ಬಾಚಿಕೊಳ್ಳುತ್ತಿದ್ದೆ. ಒಂದು ಗಂಟೆಯಿಂದ ದಡದಡ ಅನ್ನುತ್ತಿದ್ದ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಅದಾದ ಸ್ವಲ್ಪ ಹೊತ್ತಿಗೆ ತೋಟದಿಂದ ಯಜಮಾನಿಯ ಕೂಗು. ಕೂಗಲ್ಲ ಅದು, ಚೀರಾಟ.

ಓಡಿದೆ. ಓಡುವಾಗ ಕೈ ತಾನಾಗಿ ಮೂಲೆಯಲ್ಲಿದ್ದ ಹಗ್ಗದ ಸುರುಳಿಯನ್ನು ಎತ್ತಿಕೊಂಡಿತ್ತು.

ಎಂಜಿನ್ ನಿಂತಿದ್ದೇಕೆ ಎಂದು ನೋಡಲು ಯಜಮಾನರ ತಮ್ಮ ಕೆಳಗಿಳಿದಿದ್ದರು. ಪಕ್ಕದ ಮನೆಯಲ್ಲೇ ಹೆಂಡತಿಯೊಂದಿಗೆ ಇದ್ದವರು. ಮೂವತ್ತು ಮೂವತ್ತೆರಡು ವಯಸ್ಸು, ನನ್ನನ್ನು ಕಂಡಾಗಲೆಲ್ಲ “ಏನ್ ಗದಗಿನೋರೆ, ಯಾವ್ ಬೆಟ್ಟ ಅತ್ತುದ್ರಿ?” ಎಂದು ನಗುತ್ತಿದ್ದವರು. ಅವರು ಎಂಜಿನ್ ಪಕ್ಕ ಕುಸಿದಿದ್ದನ್ನು ಮೇಲಿಂದ ನೋಡಿದ ಯಜಮಾನರ ಮಗ, “ಚಿಕ್ಕಪ್ಪಾ” ಎಂದು ಕೂಗುತ್ತಾ ಮೆಟ್ಟಿಲು ಇಳಿದು ಓಡಿದ್ದ. ಕೊನೆಯ ಮೆಟ್ಟಿಲು ಮುಟ್ಟಿದ್ದೇ ಅವನೂ ಗೋಡೆ ಹಿಡಿದುಕೊಂಡು ಕೂತು, ಹಾಗೇ ಒರಗಿಬಿಟ್ಟಿದ್ದ. ನಾನು ತಲುಪಿದಾಗ ಯಜಮಾನರು ಪಂಚೆ ಎತ್ತಿ ಕಟ್ಟಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು.

“ಇಳೀಬ್ಯಾಡ್ರಿ! ಯಾರೂ ಇಳೀಬ್ಯಾಡ್ರಿ!”

ಅಷ್ಟು ಜೋರು ದನಿ ನನ್ನದು ಎಂದು ನನಗೇ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಕಲಿತ ಮಾತೆಲ್ಲ ಉದುರಿಹೋಗಿ ಅವ್ವನ ಮನೆಯ ಮಾತೇ ಬಾಯಿಗೆ ಬಂದಿತ್ತು. ಅವರ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ.

“ನನ್ ಮಗ ಕಣವ್ವ! ಬುಡು!”

“ಒಳಗ ಹೊಗಿ ತುಂಬೇದ. ನೀವೂ ಬೀಳ್ತೀರಿ. ಆಮ್ಯಾಲ ಅವ್ರನ್ನ ಎತ್ತೋರು ಯಾರು?”

ಅಕ್ಕಪಕ್ಕದ ತೋಟಗಳಿಂದ ಏಳೆಂಟು ಮಂದಿ ಬಂದರು. ಒಬ್ಬ ಲಾಟೀನು ಇಳಿಸಿ ನೋಡೋಣ, ಉರಿದರೆ ಇಳಿಯಬಹುದು ಎಂದ. ಎಂಜಿನ್ ಹೊಗೆಯ ಮುಂದೆ ದೀಪದ ಮಾತು ನಂಬಬಾರದು, ದೀಪ ಉರಿಯುತ್ತಿರುವಾಗಲೇ ಮನುಷ್ಯ ಸಾಯಬಹುದು ಎಂದು ಮೇಷ್ಟ್ರು ಹೇಳಿದ್ದು ನೆನಪಿತ್ತು. ಬೇಡವೆಂದೆ. ಒಬ್ಬನನ್ನು ಸೈಕಲ್ ಮೇಲೆ ಕಾರ್ಖಾನೆಯ ಗೇಟಿಗೆ ಓಡಿಸಿದೆ, ಅಲ್ಲಿಂದ ಅಗ್ನಿಶಾಮಕದವರಿಗೆ ಫೋನ್ ಮಾಡಲು. ಉಳಿದವರು ಹೊಂಗೆಯ ಕೊಂಬೆಗಳನ್ನು ಮುರಿದು, ಹುಲ್ಲು ಬಿಗಿಯುವ ಗಾಡಿ ಹಗ್ಗಕ್ಕೆ ಕಟ್ಟಿ, ಬಾವಿಯೊಳಗೆ ಏರಿಸಿ ಇಳಿಸಿ ಗಾಳಿ ಆಡಿಸತೊಡಗಿದರು. ಹೊಗೆ ಚದುರಲೆಂದು ಹೆಂಗಸರು ಬಿಂದಿಗೆಗಟ್ಟಲೆ ನೀರು ಸುರಿದರು. ಎಷ್ಟು ಹೊತ್ತು ಹಾಗೆ ಮಾಡಿದೆವೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಅನ್ನಿಸಿತ್ತು. ಹತ್ತು ನಿಮಿಷವೂ ಆಗಿರಲಿಲ್ಲವೇನೋ.

ಆಮೇಲೆ ನಾನು ಇಳಿಯುತ್ತೇನೆ ಎಂದೆ. ಎಲ್ಲರಿಗಿಂತ ಹಗುರ ನಾನೇ, ಮೈಮೇಲೆ ಎಚ್ಚರವಿಲ್ಲದವನಿಗೆ ಹಗ್ಗ ಕಟ್ಟಲು ಗೊತ್ತಿದ್ದವಳೂ ನಾನೊಬ್ಬಳೇ. ನಮ್ಮ ಹಗ್ಗದ ತುದಿಯನ್ನು ಎದೆಗೆ ಕಟ್ಟಿಕೊಂಡು, ಇನ್ನೊಂದು ಕಡೆಯನ್ನು ತೆಂಗಿನ ಮರಕ್ಕೆ ಒಂದು ಸುತ್ತು ಹಾಕಿ ಮೂವರ ಕೈಗೆ ಕೊಟ್ಟೆ. ಕಲ್ಲಿನ ಅಂಚು ಹಗ್ಗವನ್ನು ಉಜ್ಜದ ಹಾಗೆ ಗೋಣಿಚೀಲ ಮಡಿಸಿ ಇಟ್ಟೆ. ಕೊಂಬೆ ಬಿಚ್ಚಿದ ಗಾಡಿ ಹಗ್ಗದ ಒಂದು ತುದಿಯನ್ನು ಉಳಿದವರ ಕೈಗೆ ಕೊಟ್ಟು, ಇನ್ನೊಂದನ್ನು ನಾನು ಹಿಡಿದುಕೊಂಡೆ. ಯಜಮಾನಿಗೆ ಹೇಳಿದೆ: “ಅಕ್ಕಾರ, ಒಂದರಿಂದ ಹತ್ತು ಎಣಸ್ರಿ. ಹತ್ತು ಬರೂದ್ರಾಗ ನಾನು ಓ ಅನ್ನಲಿಲ್ಲ ಅಂದ್ರ ಎಳದಬಿಡ್ರಿ. ಏನೂ ಯೋಚನಿ ಮಾಡಬ್ಯಾಡ್ರಿ.”

ಸೀರೆ ಎತ್ತಿ ಕಟ್ಟಿ ಇಳಿದೆ. ಮೇಲಿಂದ ಯಜಮಾನಿಯ ದನಿ: ಒಂದು, ಎರಡು, ಮೂರು. ನಾನು ಓ ಎನ್ನುತ್ತಿದ್ದೆ. ಮತ್ತೆ ಒಂದರಿಂದ. ಮಗ ಕೆಳಗೆ ಬಿದ್ದಿದ್ದಾನೆ, ತಾಯಿ ಎಣಿಸುತ್ತಿದ್ದಾಳೆ. ಆ ದನಿ ಒಂದು ಸಲವೂ ನಡುಗಲಿಲ್ಲ.

ಕೆಳಗೆ ಒಲೆಯ ಮುಂದೆ ಕೂತಂಥ ಕಾವು, ಗಂಟಲಿಗೆ ಹತ್ತುವ ಡೀಸೆಲ್ ವಾಸನೆ. ಹುಡುಗ ಗೋಡೆಗೆ ಒರಗಿದ್ದ. ಹುಡುಗ ಎನ್ನುತ್ತೇನೆ, ಅವನು ನನ್ನದೇ ವಯಸ್ಸಿನವನು. ಬೆನ್ನಿನ ಹಿಂದೆ ಹಗ್ಗ ತೂರಿಸಿ ಕಂಕುಳ ಕೆಳಗಿಂದ ತಂದೆ. ಅವನ ತಲೆ ನನ್ನ ಹೆಗಲ ಮೇಲೆ ಬಿತ್ತು. ಹಾವು, ಹುತ್ತ, ಮರ ಯಾವುದೂ ಆಗ ತಲೆಗೆ ಬರಲಿಲ್ಲ. ಬೆರಳುಗಳು ಕಟ್ಟಿದವು, ನಾನು ನೋಡಿದೆ, ಅಷ್ಟೇ. ಎಳೆಯಿರಿ ಎಂದು ಕೂಗಿದೆ. ಅವನು ಮೇಲೆ ಹೋಗುವಾಗ ಕಲ್ಲು ಚಪ್ಪಡಿಗಳಿಗೆ ತಲೆ ಬಡಿಯದ ಹಾಗೆ ಕೈಗೆಟುಕುವವರೆಗೂ ಕಾಲು ಹಿಡಿದು ದೂಡಿದೆ.

ಆಗ ಎಂಜಿನ್ನಿನ ಆಚೆ ಅವನ ಚಿಕ್ಕಪ್ಪ ಕಂಡರು. ಬೋರಲಾಗಿ ಬಿದ್ದಿದ್ದರು. ತಲೆ ಆ ಕಡೆ, ಕಾಲು ಈ ಕಡೆ. ಹಗ್ಗ ಕಟ್ಟಲು ಅವರ ಎದೆಯ ಬಳಿ ಹೋಗಬೇಕೆಂದರೆ ಎಂಜಿನ್ ಸುತ್ತಿಕೊಂಡು ನಾಲ್ಕು ಹೆಜ್ಜೆ. ನನ್ನ ಕೈಯಲ್ಲಿ ಎರಡನೆಯ ಹಗ್ಗವಿರಲಿಲ್ಲ, ಅದು ಹುಡುಗನ ಜೊತೆ ಮೇಲೆ ಹೋಗಿತ್ತು. ಬಗ್ಗಿ ಅವರ ಪಾದ ಮುಟ್ಟಿದೆ. ಬೆಚ್ಚಗಿತ್ತು.

ಹಣೆಯ ಎರಡೂ ಬದಿ ಬಡಿದುಕೊಳ್ಳತೊಡಗಿತು. ಯಜಮಾನಿ ಏಳು ಎಂದಿದ್ದು ಕೇಳಿಸಿತು. ಓ ಅನ್ನಬೇಕು ಎಂದುಕೊಂಡೆ. ಬಾಯಿ ತೆರೆದೆ ಅಂತಲೂ ನೆನಪು. ದನಿ ಬರಲಿಲ್ಲ.

ಮತ್ತೆ ಕಣ್ಣು ಬಿಟ್ಟಾಗ ಬಾವಿಯ ಕಟ್ಟೆಯ ಪಕ್ಕ ಮಣ್ಣಿನಲ್ಲಿ ಬಿದ್ದು ವಾಂತಿ ಮಾಡುತ್ತಿದ್ದೆ. ಒಂದು ಮಾರು ದೂರದಲ್ಲಿ ಹುಡುಗ ಮಲಗಿದ್ದ. ಅವನ ಗಂಟಲಿಂದ ಗೊರಗೊರ ಸದ್ದು ಬರುತ್ತಿತ್ತು. ಕೆಟ್ಟ ಸದ್ದು, ಆದರೆ ಉಸಿರಿನ ಸದ್ದು.

ಮುಂದಿನ ಮಾತನ್ನು ಹೇಳುವುದೇ ನನಗೆ ಕಷ್ಟ. ಏಳಲು ನೋಡಿದೆ, ಮೊಣಕಾಲು ನಿಲ್ಲಲಿಲ್ಲ. ಯಜಮಾನರು ನನ್ನ ಎದೆಯ ಹಗ್ಗ ಬಿಚ್ಚಲು ಬಂದರು. “ನಂಗ್ ಕಟ್ಟು. ನನ್ ತಮ್ಮ ಕಣವ್ವ ಅವ್ನು. ನನ್ ಕೈಮೇಲೆ ಬೆಳ್ದೋನು.” ನಾನು ಗಂಟನ್ನು ಎರಡೂ ಕೈಯಿಂದ ಮುಚ್ಚಿಕೊಂಡೆ. ಕೆಲವೇ ನಿಮಿಷ ಕೆಳಗಿದ್ದ ನನಗೇ ಹೀಗಾಗಿತ್ತು. ಅವರಿಗೆ ಐವತ್ತೈದು ದಾಟಿತ್ತು, ತೂಕದ ಆಳು. ಮತ್ತೆ ಗಾಳಿ ಆಡಿಸಿ, ಅದಾಗದೆ ಯಾರನ್ನೂ ಬಿಡಬೇಡಿ ಎಂದೆ. ನಾಲ್ವರು ಅವರನ್ನು ಹಿಡಿದುಕೊಂಡರು. ಅವರು ನನ್ನನ್ನು ಬೈದರು, ಬೇಡಿಕೊಂಡರು, ಕೊನೆಗೆ ನೆಲ ಗುದ್ದಿ ಅತ್ತರು. ನಾನು ಗಂಟಿನಿಂದ ಕೈ ತೆಗೆಯಲಿಲ್ಲ.

ಕೊಂಬೆ ಏರಿತು, ಇಳಿಯಿತು. ನೀರು ಬಿತ್ತು. ನನ್ನ ಸ್ಥಿತಿ ನೋಡಿದ ಮೇಲೆ ಇಳಿಯಲು ಬೇರೆ ಯಾರೂ ಮುಂದೆ ಬರಲಿಲ್ಲ. ತಮ್ಮನ ಹೆಂಡತಿ ಅಷ್ಟು ಹೊತ್ತಿಗೆ ಬಂದಿದ್ದರು. ಅವರು ಕಟ್ಟೆಗೆ ಒರಗಿ ಗಂಡನ ಹೆಸರು ಹಿಡಿದು ಕೂಗುತ್ತಲೇ ಇದ್ದರು. ಅಗ್ನಿಶಾಮಕದವರು ಬಂದು, ಮುಖಕ್ಕೆ ಕವಚ ಹಾಕಿಕೊಂಡು ಇಳಿದು ಅವರನ್ನು ಎತ್ತಿಕೊಂಡು ಬರುವ ಹೊತ್ತಿಗೆ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಮಣ್ಣಿನ ಮೇಲೆ ಮಲಗಿಸಿದಾಗ ಅವರ ಮುಖ ಆಗ ತಾನೇ ಸ್ನಾನ ಮಾಡಿ ಬಂದವರ ಹಾಗೆ ಕೆಂಪಗಿತ್ತು. “ನೋಡಿ, ಬದ್ಕವ್ರೆ! ಎಂಗವ್ರೆ ನೋಡಿ!” ಎಂದು ಅವರ ಹೆಂಡತಿ ಕೆನ್ನೆ ತಟ್ಟಿ ತಟ್ಟಿ ಎಬ್ಬಿಸಲು ನೋಡಿದರು. ಆಸ್ಪತ್ರೆಯಲ್ಲಿ ಬಹಳ ಹೊತ್ತಿನ ಹಿಂದೆಯೇ ಹೋಗಿದ್ದಾರೆ ಎಂದರು.

ಡಾಕ್ಟರು ನನ್ನನ್ನೂ ಪರೀಕ್ಷೆ ಮಾಡಿದರು. ಯಜಮಾನರ ತಮ್ಮನ ಪಾದ ಬೆಚ್ಚಗಿತ್ತು ಎಂದು ನಾನು ಹೇಳಿದೆ. ಆ ಹೊಗೆಯಲ್ಲಿ ಸತ್ತವರು ಕೆಂಪಗೇ ಕಾಣುತ್ತಾರೆ, ಎಂಜಿನ್ ಪಕ್ಕದಲ್ಲಿದ್ದ ಮೈ ಬೆಚ್ಚಗೇ ಇರುತ್ತದೆ, ನೀನು ಇಳಿಯುವುದಕ್ಕೆ ಮೊದಲೇ ಎಲ್ಲ ಮುಗಿದಿತ್ತು ಎಂದರು. ನಿಜ ಹೇಳಿದರೋ, ಎದುರಿಗೆ ಕೂತಿದ್ದ ಹುಡುಗಿಯನ್ನು ಸಮಾಧಾನ ಮಾಡಿದರೋ, ಇವತ್ತಿಗೂ ನನಗೆ ತಿಳಿಯದು.

ಮಣ್ಣು ಮಾಡಿ ಬಂದ ಸಂಜೆ ಅಂಗಳದಲ್ಲಿ ಹೆಂಗಸರೆಲ್ಲ ಕೂತಿದ್ದರು. ನಾನು ಹೋಗಿ ತಮ್ಮನ ಹೆಂಡತಿಯ ಪಕ್ಕ ಕುಳಿತೆ. ಅವರು ನನ್ನ ಕಡೆ ತಿರುಗಿ, ಜೋರಾಗಿ ಕೂಡ ಅಲ್ಲ, ಲೆಕ್ಕ ಕೇಳುವವರ ಹಾಗೂ ಅಲ್ಲ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವರ ಹಾಗೆ ಕೇಳಿದರು: “ಅವ್ರ್ ಮಗನ್ಗೆ ಇದ್ದ ಅಗ್ಗ, ನನ್ ಗಂಡನ್ಗೆ ಇರ್ಲಿಲ್ವಾ?”

ಯಜಮಾನಿ, “ಸುಮ್ಕಿರೇ, ಅವ್ಳೂ ಸಾಯೋಳು” ಎಂದರು. ನನಗೆ ಉತ್ತರ ಗೊತ್ತಿತ್ತು. ಹುಡುಗ ಹತ್ತಿರವಿದ್ದ, ಅವರು ದೂರವಿದ್ದರು. ಆದರೆ ಆ ನಾಲ್ಕು ಹೆಜ್ಜೆಯ ಮಾತನ್ನು ಆ ಹೆಂಗಸಿನ ಮುಂದೆ ಹೇಗೆ ಹೇಳುವುದು? ಎದ್ದು ಬಂದೆ.

ಮೇಷ್ಟ್ರು ಊರಿಂದ ಬಂದವರು ನನ್ನನ್ನು ಕ್ಯಾಂಟೀನಿನ ಹಿಂದೆ ಕರೆದುಕೊಂಡು ಹೋಗಿ ಎಲ್ಲವನ್ನೂ ಕೇಳಿದರು. ಹೊಗಳುತ್ತಾರೆ ಎಂದುಕೊಂಡಿದ್ದೆನೋ ಏನೋ. ಅವರ ಮುಖ ಬಿಗಿದುಕೊಂಡಿತು.

“ಗಾಳಿ ಎಷ್ಟ್ ಹೊತ್ತು ಆಡಿಸಿದ್ರಿ?”

“ಹತ್ತು ನಿಮಿಷ ಇರಬಹುದು ಸಾರ್.”

“ಇಳೀಬಾರ್ದಾಗಿತ್ತು. ಆ ಯಮ್ಮ ಎಣಿಸೋದು ಒಂದ್ ಸಲ ತಪ್ಪಿದ್ರೆ ಮೂರು ಹೆಣ.” ಆಮೇಲೆ, “ಇಳೀದೇ ಇದ್ದಿದ್ರೆ ಆ ಹುಡುಗನೂ ಇರ್ತಿರ್ಲಿಲ್ಲ. ಅದೂ ನಿಜ. ನಾನ್ ಇದಕ್ಕೆ ಏನ್ ಹೇಳ್ಲಮ್ಮ?” ಎಂದರು. ಯಾವ ಪ್ರಶ್ನೆಗೂ ಉತ್ತರವಿದ್ದ ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಭಯವಾಯಿತು. ಕಾರ್ಖಾನೆಯವರು ಸಭೆ ಮಾಡಿ ಹಾರ ಹಾಕುತ್ತೇವೆಂದರು. ನಾನು ಹೋಗಲಿಲ್ಲ.

ಹುಡುಗ ಬದುಕಿದ. ಆದರೆ ಮೊದಲಿನ ಹಾಗಾಗಲಿಲ್ಲ. ತಲೆನೋವು ಅವನನ್ನು ಬಿಡಲಿಲ್ಲ, ಮಾತಾಡುತ್ತಾ ಮಾತಾಡುತ್ತಾ ಎಲ್ಲಿದ್ದೆ ಎಂಬುದನ್ನು ಮರೆಯುತ್ತಿದ್ದ. ಅಂಗಳದಲ್ಲಿ ನನ್ನನ್ನು ಕಂಡರೆ ಕೈ ಮುಗಿಯುತ್ತಿದ್ದ. ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಅವನು ಅಂಗಳದಲ್ಲಿಲ್ಲದ ಹೊತ್ತು ನೋಡಿ ಕೋಣೆಯಿಂದ ಹೊರಗೆ ಬರುತ್ತಿದ್ದೆ.

ತಿಂಗಳೆರಡು ಕಳೆದ ಮೇಲೆ ಯಜಮಾನರೇ ನನ್ನ ಬಾಗಿಲಿಗೆ ಬಂದರು. ಅವತ್ತು ಬೈದಿದ್ದಕ್ಕೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. “ಆ ಗಂಟು ನಮ್ಗೂ ಏಳ್ಕೊಡವ್ವ. ಈ ಸುತ್ತಿನಾಗೆ ಬಾವಿ ಇಲ್ದಿರೋ ತೋಟ ಇಲ್ಲ” ಎಂದರು. ಶಾಲೆಯ ಬಯಲಿನಲ್ಲಿ ಭಾನುವಾರ ಭಾನುವಾರ ಕಲಿಸಿದೆ. ಮೊದಲ ವಾರ ಹೆಣ್ಣಿನ ಕೈಯಲ್ಲಿ ಹಗ್ಗ ಕಲಿಯುವುದೇ ಎಂದು ನಗಾಡುತ್ತಾ ನಿಂತವರೇ ಹೆಚ್ಚು. ಯಜಮಾನರು ಎಲ್ಲರ ಮುಂದೆ ನೆಲದ ಮೇಲೆ ಕೂತು, ದಪ್ಪ ಬೆರಳುಗಳಿಂದ ತಪ್ಪು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ನಗು ನಿಂತಿತು. ಗಂಟಿನ ಜೊತೆಗೆ ಅದಕ್ಕಿಂತ ಮುಖ್ಯವಾದದ್ದನ್ನೂ ಹೇಳಿದೆ: ಎಂಜಿನ್ ಬಾವಿಯೊಳಗೆ ಇಳಿಸಬೇಡಿ. ಬಿದ್ದವನ ಹಿಂದೆ ಓಡಬೇಡಿ. ಕಟ್ಟಿಕೊಳ್ಳದೆ, ಮೇಲೆ ಮೂವರಿಲ್ಲದೆ, ಎಣಿಸುವವರಿಲ್ಲದೆ ಇಳಿಯಬೇಡಿ. ಮೂರು ನಾಲ್ಕು ವಾರದಲ್ಲಿ ಬರುವವರು ಕಡಿಮೆಯಾಗಿ ಪಾಠ ನಿಂತುಹೋಯಿತು.

ಮುಂದಿನ ಬೇಸಿಗೆಯಲ್ಲಿ ಇನ್ನೊಂದು ತೋಟದವರು, ಹೇಳಿದ್ದನ್ನು ಮರೆತು, ಮತ್ತೆ ಎಂಜಿನ್ ಇಳಿಸಿದರು. ಆದರೆ ಇಳಿದವನು ಎದೆಗೆ ಆ ಗಂಟು ಹಾಕಿ ಹಗ್ಗ ಕಟ್ಟಿಕೊಂಡಿದ್ದ. ಅರ್ಧದಲ್ಲಿ ಕಾಲು ಸೋತು ಜೋತುಬಿದ್ದವನನ್ನು ಮೇಲಿದ್ದವರು ಕ್ಷಣದಲ್ಲಿ ಎಳೆದುಕೊಂಡರು. ಸಂಜೆಯ ಹೊತ್ತಿಗೆ ಅವನು ಎದ್ದು ಕೂತು ಮಜ್ಜಿಗೆ ಕುಡಿದನಂತೆ. ಯಜಮಾನಿ ಓಡೋಡಿ ಬಂದು ಈ ಸುದ್ದಿ ಹೇಳಿದಾಗ ಪಕ್ಕದ ಮನೆಯ ಜಗಲಿಯಲ್ಲಿ ತಮ್ಮನ ಹೆಂಡತಿ ರಾಗಿ ಕೇರುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಮೊರ ಕೆಳಗಿಟ್ಟು, ಒಳಗೆ ಹೋಗಿ ಕದ ಹಾಕಿಕೊಂಡರು. ಸಂತೋಷಪಡಬೇಕಾದ ಆ ದಿನವೂ ನನಗೆ ಊಟ ಸೇರಲಿಲ್ಲ.

ಮದುವೆಯಾಗಿ ಯಶವಂತಪುರಕ್ಕೆ ಬಂದೆ. ಬಂಡೆ ಹತ್ತುವುದನ್ನು ಬಿಟ್ಟೆ, ಆದರೂ ಕಾರ್ಖಾನೆಯಲ್ಲಿ ಹೊಸಬರಿಗೆ ಗಂಟು ಕಲಿಸುವುದನ್ನು ಬಿಡಲಿಲ್ಲ. ಎಂಬತ್ತರ ದಶಕದ ನಡುವೆ ಒಂದು ದಿನ, ಮಾರುಕಟ್ಟೆಯ ಹತ್ತಿರದ ಬಸ್ ನಿಲ್ದಾಣದಲ್ಲಿ ಸೊಪ್ಪಿನ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಯಜಮಾನರ ತಮ್ಮನ ಹೆಂಡತಿ ನಿಂತಿದ್ದರು. ಕೂದಲು ಅರ್ಧ ನರೆತಿತ್ತು. ನಾನು ಮುಖ ತಿರುಗಿಸಿಕೊಂಡು ಹೋಗಬಹುದಿತ್ತು. ಅವರು ಆಗಲೇ ನನ್ನನ್ನು ನೋಡಿಬಿಟ್ಟಿದ್ದರು.

“ಚೆನ್ನಾಗಿದೀಯೇನವ್ವ?” ಎಂದರು.

“ಹೂಂ ಅಕ್ಕಾರ.”

ಅವರ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ರಸ್ತೆ ನೋಡುತ್ತಾ ನಿಂತೆವು. ಆಮೇಲೆ ಅವರೇ ಕೇಳಿದರು: “ಅವತ್ತು ನಾ ಅಂದಿದ್ದು ಮನ್ಸಲ್ಲಿ ಮಡಿಕ್ಕಂಡಿದೀಯಾ?”

ಸುಳ್ಳು ಹೇಳಲು ಆಗಲಿಲ್ಲ. “ಹೂಂ” ಎಂದೆ.

“ನಾನೂವೆ” ಎಂದರು ಅವರು. “ಅನ್ಬಾರ್ದಾಗಿತ್ತು ಅಂತ ಒಂದಿನ ಅನ್ನಿಸ್ತದೆ. ಇನ್ನೊಂದಿನ ಮತ್ತೆ ಕೇಳ್ಬೇಕು ಅನ್ನಿಸ್ತದೆ.”

ಆಗ ನಾನು ಅವರಿಗೆ ಪಾದದ ವಿಷಯ ಹೇಳಿದೆ. ಮುಟ್ಟಿದ್ದೆ, ಬೆಚ್ಚಗಿತ್ತು, ಡಾಕ್ಟರು ಹೀಗೆ ಹೇಳಿದರು, ನನಗೆ ಗೊತ್ತಿಲ್ಲ ಎಂದು. ಆ ಡಾಕ್ಟರಿಗೆ ಬಿಟ್ಟರೆ ಹತ್ತು ವರ್ಷದ ಹತ್ತಿರ ಹತ್ತಿರ ಯಾರಿಗೂ, ಗಂಡನಿಗೂ ಹೇಳದ ಮಾತು. ಅವರು ಬುಟ್ಟಿಗಳನ್ನು ನೆಲಕ್ಕಿಟ್ಟರು. ಕೈ ಬಾಯಿಯ ಮೇಲಿತ್ತು. 

“ಯಾರೋ ಒಬ್ರು ಮುಟ್ಟಿದ್ರು ಅಂತಾಯ್ತು” ಎಂದರು ಕೊನೆಗೆ. “ಒಬ್ರೇ ಬಿದ್ದಿದ್ರು ಅಂದ್ಕಂಡಿದ್ದೆ.”

ಶೆಟ್ಟಿಹಳ್ಳಿಯ ಬಸ್ಸು ಬಂತು. ಜನ ನುಗ್ಗಿದರು. ಬುಟ್ಟಿಗಳನ್ನು ಎತ್ತಿ ಅವರ ಕೈಗೆ ಕೊಟ್ಟೆ. ಅವರು ಹತ್ತಿದರು, ಕಿಟಕಿಯ ಹತ್ತಿರ ಜಾಗ ಸಿಗಲಿಲ್ಲ, ನಿಂತವರ ನಡುವೆ ಎಲ್ಲೋ ಮರೆಯಾದರು. ನಾನು ಎಣ್ಣೆ, ಬೇಳೆ ಕೊಂಡುಕೊಂಡು ಮನೆಗೆ ನಡೆದೆ.